ಮೀನ ರಾಶಿಯವರು ಹತ್ತು ನಿಮಿಷ ತಡೆಯಿರಿ

ನೆಟ್‌ವರ್ಕ್ ನೋಡಿಕೊಳ್ಳುವವನ ಬದುಕಿನಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಏನೂ ನಡೆಯದ ದಿನ ನನಗೆ ಇನ್ನೂ ಹೆಚ್ಚು ಅನುಮಾನ ಬರುತ್ತದೆ.

ನಾನಿರುವುದು ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ, ಹೆಬ್ಬಗೋಡಿ ದಾಟಿದ ಮೇಲೆ ಚಂದಾಪುರಕ್ಕೆ ಮೊದಲೇ ಸಿಗುವ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಗೇಟಿನ ಮೇಲೆ ‘ಸ್ಮಾರ್ಟ್ ಕ್ಯಾಂಪಸ್’ ಎಂದು ದೊಡ್ಡದಾಗಿ ಬರೆದಿದೆ. ಬೀದಿದೀಪ ಸ್ಮಾರ್ಟು, ನಲ್ಲಿ ಸ್ಮಾರ್ಟು, ಕಸದ ಬುಟ್ಟಿಯೂ ಸ್ಮಾರ್ಟು. ಇಡೀ ಆವರಣದಲ್ಲಿ ಸ್ಮಾರ್ಟ್ ಆಗದೆ ಉಳಿದವರು ನೀವೊಬ್ಬರೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಈ ಎಲ್ಲ ಸಾಮಾನುಗಳ ಜೊತೆಗೆ ಸಾವಿರಾರು ಹುಡುಗರ ಮೊಬೈಲುಗಳೂ ನನ್ನ ನೆಟ್‌ವರ್ಕಿನಲ್ಲೇ ಓಡಾಡಬೇಕು. ಎಲ್ಲಿ ಜಾಮ್ ಆಯಿತು, ಯಾರು ಅತಿಯಾಗಿ ಎಳೆಯುತ್ತಿದ್ದಾರೆ, ಯಾರಿಗೆ ದಾರಿ ಬಿಡಬೇಕು ಎಂದು ನೋಡುವುದು ನನ್ನ ಕೆಲಸ. ಸಿಗ್ನಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರ ಕೆಲಸವೂ ಇದೇ. ಆದರೆ ಅವರಿಗೆ ಗಾಡಿ ಓಡಿಸುವವನ ಮುಖ ಕಾಣುತ್ತದೆ, ನನಗೆ ಬರೀ ನಂಬರು ಕಾಣುತ್ತದೆ. ಹದಿನೈದು ವರ್ಷ ಮುಖವಿಲ್ಲದ ನಂಬರುಗಳನ್ನೇ ನೋಡಿದವನಿಗೆ ಯಾರ ಮುಖ ನೋಡಿದರೂ ಅನುಮಾನ ಬರುತ್ತದೆ. ಮೊಸರಲ್ಲಿ ಕಲ್ಲು ಹುಡುಕುವವನು ಎಂದು ಮನೆಯಲ್ಲಿ ನನಗೆ ಹೆಸರು. ನನ್ನ ಕಸುಬಿನಲ್ಲಿ ಕಲ್ಲು ಸಿಗುವುದು ಮೊಸರಲ್ಲೇ ಎಂದು ನಾನೂ ಸಮಜಾಯಿಷಿ ಕೊಡುತ್ತೇನೆ.

ಈಗ ಹೇಳುವುದೆಲ್ಲ ಒಂದೇ ಹದಿನೈದು ದಿನಗಳಲ್ಲಿ ನಡೆದದ್ದು. ಆಗ ಕೋರ್ಸ್ ರಿಜಿಸ್ಟ್ರೇಷನ್ ನಡೆದಿತ್ತು. ಹುಡುಗರು, ಸಂಶೋಧಕರು, ಮೇಷ್ಟ್ರುಗಳು ಎಲ್ಲರೂ ತಮ್ಮ ತಮ್ಮ ಫಾರಂಗಳನ್ನು ಒಂದೇ ಪೋರ್ಟಲ್ಲಿನಲ್ಲಿ ಹಾಕಬೇಕು. ಮೊದಲ ವಾರದಲ್ಲೇ ಪೋರ್ಟಲ್ ಎರಡು ಸಲ ಬಿದ್ದುಹೋಯಿತು. ರಿಜಿಸ್ಟ್ರಾರ್ ನನ್ನನ್ನು ಕರೆಸಿ, ಕೂರಲೂ ಹೇಳದೆ, “ನೋಡ್ರೀ, ಮೂರನೇ ಸಲ ಬಿದ್ರೆ ನಿಮ್ಮ ಕಾಂಟ್ರ್ಯಾಕ್ಟ್ ರಿನ್ಯೂವಲ್ ನನ್ನ ಹತ್ರ ತರೋದೇ ಬೇಡ” ಎಂದರು. ನನ್ನದು ವರ್ಷ ವರ್ಷ ನವೀಕರಣವಾಗುವ ಕೆಲಸ. ಆ ಅರ್ಜಿಯನ್ನೂ ಅದೇ ಪೋರ್ಟಲ್ಲಿನಲ್ಲಿ, ಎರಡನೇ ಶುಕ್ರವಾರ ಸಂಜೆ ಐದರೊಳಗೆ ಹಾಕಿ ಅವರಿಂದ ಒಪ್ಪಿಗೆ ಪಡೆಯಬೇಕಿತ್ತು. ನಿಜ ಹೇಳುತ್ತೇನೆ, ಹೆದರಿದೆ. ನಲವತ್ತಾರನೇ ವಯಸ್ಸಿನಲ್ಲಿ ಶರ್ಟ್ ಇಸ್ತ್ರಿ ಮಾಡಿಸಿಕೊಂಡು, ನನ್ನ ಮಗಳ ವಯಸ್ಸಿನವರ ಮುಂದೆ ಕುಳಿತು ಇಂಟರ್‌ವ್ಯೂ ಕೊಡುವ ಧೈರ್ಯ ನನ್ನಲ್ಲಿಲ್ಲ.

ಆದ್ದರಿಂದ ಪೋರ್ಟಲ್ ಬೀಳಿಸುತ್ತಿರುವ ಕಳ್ಳನನ್ನು ಹುಡುಕಲು ಹೊರಟೆ.

೧. ತುಂಬಿದ ಬುಟ್ಟಿ

ಮೊದಲು ಯಾವ ಉಪಕರಣ ಅತಿ ಹೆಚ್ಚು ಮಾತಾಡುತ್ತಿದೆ ಎಂಬ ಪಟ್ಟಿ ತೆಗೆದೆ. ಹಾಸ್ಟೆಲ್ ಹುಡುಗರ ಹೆಸರು ಮೇಲಿರುತ್ತದೆ ಅಂದುಕೊಂಡಿದ್ದೆ. ಎಲ್ಲಕ್ಕಿಂತ ಮೇಲೆ ಇದ್ದದ್ದು ಕ್ಯಾಂಟೀನಿನ ಕಸದ ಬುಟ್ಟಿ.

ನಮ್ಮ ಸ್ಮಾರ್ಟ್ ಬುಟ್ಟಿಯ ಮುಚ್ಚಳದ ಕೆಳಗೆ ಒಂದು ಪುಟ್ಟ ಕಣ್ಣಿದೆ. ಕಸ ಕುತ್ತಿಗೆಯವರೆಗೆ ಬಂದರೆ ‘ತುಂಬಿದೆ’ ಎಂದು ಅದು ಸಂದೇಶ ಕಳಿಸುತ್ತದೆ. ಸಾಮಾನ್ಯ ಬುಟ್ಟಿ ದಿನಕ್ಕೆ ಮೂರು ನಾಲ್ಕು ಸಲ ಹಾಗೆ ಹೇಳಬಹುದು. ಈ ಬುಟ್ಟಿ ಒಂದು ವಾರದಿಂದ ಉಸಿರು ಬಿಡದೆ ಹೇಳುತ್ತಿತ್ತು. ನನಗೆ ಎಲ್ಲ ಅರ್ಥವಾಗಿಹೋಯಿತು. ಯಾವನೋ ಬುದ್ಧಿವಂತ ಬುಟ್ಟಿಯ ಹೆಸರಿನಲ್ಲಿ ಸಿನಿಮಾ ಇಳಿಸಿಕೊಳ್ಳುತ್ತಿದ್ದಾನೆ, ಕಸದ ಬುಟ್ಟಿಯ ಮೇಲೆ ಯಾರು ಅನುಮಾನ ಪಡುತ್ತಾರೆ ಎಂಬ ಧೈರ್ಯ ಅವನಿಗೆ. ಪಡುವವನು ಇಲ್ಲೊಬ್ಬನಿದ್ದಾನೆ ಎಂದು ಲ್ಯಾಪ್‌ಟಾಪ್ ಹಿಡಿದು ಹೊರಟೆ.

ಕ್ಯಾಂಟೀನಿಗೆ ಹೋದರೆ ಬುಟ್ಟಿಯೇ ಇಲ್ಲ. ಅದರ ಜಾಗದಲ್ಲಿ ಪೇಂಟಿನ ಹಳೆಯ ಡ್ರಮ್ಮೊಂದು ನಿಂತಿದೆ, ಎಲ್ಲರೂ ಅದಕ್ಕೇ ಕಸ ಹಾಕುತ್ತಿದ್ದಾರೆ. ಬುಟ್ಟಿಯನ್ನೇ ಕದ್ದಿದ್ದಾರೆಂದು ಅನುಮಾನ ಎರಡು ಪಟ್ಟಾಯಿತು. ಸಿಗ್ನಲ್ಲಿನ ಜಾಡು ಹಿಡಿದು ಹೋದೆ. ಅದು ಮೆಟ್ಟಿಲ ಕೆಳಗಿನ ಹೌಸ್‌ಕೀಪಿಂಗ್ ಕೋಣೆಗೆ ಕರೆದೊಯ್ದಿತು. ಅಲ್ಲಿ ನಮ್ಮ ಕಟ್ಟಡ ಗುಡಿಸುವ ಅಕ್ಕ ಊಟಕ್ಕೆ ಕೂತಿದ್ದರು. ಅವರು ರಾಯಚೂರು ಕಡೆಯವರು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಹೆಬ್ಬಗೋಡಿಯಲ್ಲಿ ಒಂದು ಬಾಡಿಗೆ ರೂಮು. ಅವರ ಹಿಂದೆ ಮೂಲೆಯಲ್ಲಿ ನಮ್ಮ ಬುಟ್ಟಿ ಹೊಸ ಮದುವಣಗಿತ್ತಿಯ ಹಾಗೆ ತೊಳೆಸಿಕೊಂಡು, ಮೇಲೊಂದು ಬಿಳಿ ಬಟ್ಟೆ ಹೊದ್ದುಕೊಂಡು ಕೂತಿತ್ತು.

ಇದು ಇಲ್ಲಿಗೆ ಹೇಗೆ ಬಂತೆಂದು ಕೇಳಿದೆ. ಅಕ್ಕ ಸ್ವಲ್ಪವೂ ಗಾಬರಿಯಾಗಲಿಲ್ಲ.

“ಇಷ್ಟು ಚಂದ ಡಬ್ಬಿ ಐತ್ರಿ ಸರ. ಇದರಾಗ ಕಸ ಹಾಕಾಕ ಮನಸ್ ಬರಲಿಲ್ಲ” ಎಂದು ಮುಚ್ಚಳ ತೆಗೆದು ತೋರಿಸಿದರು. ಒಳಗೆ ಕುತ್ತಿಗೆಯವರೆಗೆ ಜೋಳದ ಹಿಟ್ಟು. ರೂಮಿನಲ್ಲಿ ಇಲಿಯ ಕಾಟವಂತೆ, ಇದರೊಳಗೆ ಇಲಿ ಹೋಗುವುದಿಲ್ಲವಂತೆ.

ಅಕ್ಕ, ಇದು ಒಂದು ವಾರದಿಂದ ‘ತುಂಬಿದೆ, ತುಂಬಿದೆ’ ಎಂದು ಬಡಕೊಳ್ಳುತ್ತಿದೆ, ನನ್ನ ನೆಟ್‌ವರ್ಕೆಲ್ಲ ಇದರದೇ ಕೂಗು ಎಂದು ಹೇಳಿದೆ. ಅಕ್ಕನ ಮುಖದಲ್ಲಿ ಬುಟ್ಟಿಯ ಮೇಲೆ ಅಭಿಮಾನ ಮೂಡಿತು.

“ಖರೇನ ಹೇಳೈತ್ರಿ ಸರ. ಹೋದ ವಾರನ ಊರಿಂದ ಹಿಟ್ಟು ಬಂತು. ತುಂಬೈತಿ.”

೨. ನನ್ನನ್ನು ಕಾಣಲು ಬಂದವರು

ಬುಟ್ಟಿಯ ಬಾಯಿ ಮುಚ್ಚಿಸಿದರೂ ಭಾರ ಅಷ್ಟೇನೂ ಇಳಿಯಲಿಲ್ಲ. ಆಮೇಲೆ ನನ್ನ ಕಣ್ಣು ಗೇಟಿನ ಮೇಲೆ ಬಿತ್ತು.

ನಮ್ಮ ಗೇಟು ಕಾಯುವವರನ್ನು ನಾವೆಲ್ಲ ಗೇಟಣ್ಣ ಎಂದು ಕರೆಯುತ್ತೇವೆ. ಅವರು ಈ ಊರಿನವರೇ. ಈಗ ಗೇಟಿನಿಂದ ಲೈಬ್ರರಿಯವರೆಗೆ ಇರುವ ಜಾಗವೆಲ್ಲ ಒಂದು ಕಾಲಕ್ಕೆ ಅವರ ಅಪ್ಪನ ರಾಗಿ ಹೊಲ. ಜಾಗ ಕೊಟ್ಟವರ ಮನೆಗೊಂದು ಕೆಲಸ ಎಂದು ಮಾತಾಗಿತ್ತು, ಹಾಗಾಗಿ ತಮ್ಮ ಹೊಲಕ್ಕೆ ತಾವೇ ಕಾವಲು ಕೂತಿದ್ದಾರೆ. ಗೇಟಿನ ಪಕ್ಕದ ಮುನೇಶ್ವರನ ಗುಡಿಯ ಪೂಜೆಯೂ ಅವರ ಮನೆತನದ್ದೇ. ಯೂನಿಫಾರ್ಮಿನ ಮೇಲೊಂದು ಟವೆಲ್ ಹೊದ್ದರೆ ಗಾರ್ಡು ಪೂಜಾರಿಯಾಗುತ್ತಾರೆ. ಮಗಳು ನಮ್ಮಲ್ಲೇ ಬಿಕಾಂ ಓದುತ್ತಿದ್ದಾಳೆ.

ಹೊರಗಿನಿಂದ ಬಂದವರ ಹೆಸರನ್ನು ಗೇಟಣ್ಣ ಒಂದು ಟ್ಯಾಬಿನಲ್ಲಿ ತುಂಬಿದರೆ ಬಂದವರ ಮೊಬೈಲಿಗೆ ಒಂದು ದಿನದ ವೈಫೈ ಸಿಗುತ್ತದೆ. ನೋಡಿದರೆ ದಿನಕ್ಕೆ ಅರವತ್ತು ಜನ ಅತಿಥಿಗಳು, ಅರವತ್ತೂ ಜನ ಗೇಟಿನ ಬಳಿಯ ಹೊಂಗೆ ಮರ ಬಿಟ್ಟು ಒಳಗೆ ಹೆಜ್ಜೆ ಇಟ್ಟಿಲ್ಲ. ಗೇಟಣ್ಣ ವೈಫೈ ವ್ಯಾಪಾರ ಮಾಡುತ್ತಿದ್ದಾರೆ ಎಂಬುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ಎರಡು ದಿನ ಎಳನೀರು ಗಾಡಿಯ ಹಿಂದೆ ನಿಂತು ಕಾದೆ. ಐದು ಎಳನೀರು ಕುಡಿದದ್ದು ಬಿಟ್ಟರೆ ಏನೂ ಸಿಗಲಿಲ್ಲ.

ಅಷ್ಟರಲ್ಲಿ ರಿಜಿಸ್ಟ್ರಾರೇ ನನ್ನನ್ನು ಕರೆಸಿದರು. ಅವರ ಕೈಯಲ್ಲಿ ಅತಿಥಿಗಳ ಪಟ್ಟಿ ಇತ್ತು.

“ದಿನಾ ಅರವತ್ತು ಜನ ನಿಮ್ಮನ್ನ ನೋಡೋಕೆ ಬರ್ತಾರಲ್ಲ, ಏನ್ರೀ ಸಮಾಚಾರ?”

ಪಟ್ಟಿ ನೋಡಿದೆ. ‘ಯಾರನ್ನು ಕಾಣಬೇಕು’ ಎಂಬಲ್ಲಿ ಉದ್ದಕ್ಕೂ ನನ್ನ ಹೆಸರೇ ಇತ್ತು. ‘ಉದ್ದೇಶ’ ಎಂಬಲ್ಲಿ ‘ಮಾತುಕತೆ’. ಹಾಲಿನ ಡೈರಿಯ ಸೆಕ್ರೆಟರಿ ನನ್ನ ಜೊತೆ ದಿನಾ ಎರಡು ಹೊತ್ತು ಮಾತುಕತೆ ನಡೆಸಿದ್ದರು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಭಾನುವಾರವೂ ಬಿಟ್ಟಿರಲಿಲ್ಲ. ನಾನು ಸೀಟು ಕೊಡಿಸುವ ದಲ್ಲಾಳಿ ಕೆಲಸ ಮಾಡುತ್ತಿದ್ದೇನೆಂದು ರಿಜಿಸ್ಟ್ರಾರ್ ಕಣ್ಣಿನಲ್ಲಿ ಬರೆದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಬೇರೆಯವರಿಗೆ ಹೇಳುತ್ತಿದ್ದ ನಾನು, ಏನೂ ಕದಿಯದೆ ಹೆಗಲು ಮುಟ್ಟಿಕೊಂಡೆ.

ನೇರ ಗೇಟಿಗೆ ಓಡಿ ಏನಣ್ಣ ಇದು ಎಂದು ಕೇಳಿದೆ.

“ಅಂಗಲ್ಲ ಸಾರ್. ನಮ್ಮೂರೋರು ಮೊದ್ಲಿಂದ್ಲೂ ಈ ಮರದ್ ಕೆಳ್ಗೇ ಕುಂತ್ಕೊಳೋದು. ಒಲ ಕೊಟ್ವಿ, ನೆಳ್ಳು ಕೊಟ್ಟಿಲ್ಲ. ಯಾರ್ನ ಕಾಣ್ಬೇಕು ಅಂತ ಕೇಳ್ತದೆ ಮಿಸಿನ್ನು. ವೈಫೈ ನಿಮ್ದಲ್ವಾ, ಅದ್ಕೆ ನಿಮ್ ಎಸ್ರು ಬರ್ದೆ. ಸುಳ್ಳು ಬರೀಬಾರ್ದಲ್ವಾ ಸಾರ್.”

ಇನ್ನು ಮುಂದೆ ನನ್ನ ಹೆಸರು ಬರೆಯಬೇಡಿ, ನನ್ನ ಕೆಲಸಕ್ಕೇ ಸಂಚಕಾರ ಬರುತ್ತದೆ ಎಂದು ಕೈ ಮುಗಿದೆ. ಗೇಟಣ್ಣ ಒಪ್ಪಿಕೊಂಡರು, ಒಪ್ಪಿದ ಹಾಗೆ ನಡೆದುಕೊಂಡರು. ಮರುದಿನದ ಪಟ್ಟಿಯಲ್ಲಿ ಅರವತ್ತು ಜನರೂ, ಅಜ್ಜಿಯೂ ಸೇರಿ, ರಿಜಿಸ್ಟ್ರಾರನ್ನು ಕಾಣಲು ಬಂದಿದ್ದರು. ಆ ಪಟ್ಟಿಯ ಮಾತನ್ನು ರಿಜಿಸ್ಟ್ರಾರ್ ಮತ್ತೆಂದೂ ಎತ್ತಲಿಲ್ಲ.

೩. ಬೋರ್ಡಿನ ಮೇಲೆ ಕಳ್ಳನ ಗಂಟೆ

ಇಷ್ಟಾದರೂ ಪೋರ್ಟಲ್ ದಿನಕ್ಕೊಂದು ಸಲ ಏದುಸಿರು ಬಿಡುತ್ತಿತ್ತು. ಗ್ರಾಫ್ ಬಿಡಿಸಿ ನೋಡಿದೆ. ದಿನವೂ ಒಂದೂವರೆ ಗಂಟೆ ಕಾಲ ಗೆರೆ ನೆಲ ಕಚ್ಚಿ ಮಲಗಿರುತ್ತದೆ, ಯಾರೂ ಫಾರಂ ಹಾಕುವುದಿಲ್ಲ. ಆಮೇಲೆ ಒಂದು ಕ್ಷಣಕ್ಕೆ ಸರಿಯಾಗಿ ಎದ್ದು ನೆಟ್ಟಗೆ ನಿಲ್ಲುತ್ತದೆ. ಅದೂ ದಿನಕ್ಕೊಂದು ಹೊತ್ತಿಗೆ. ಗೋಡೆಯ ಬಿಳಿ ಬೋರ್ಡಿನ ಮೇಲೆ ಬರೆದೆ: ಸೋಮವಾರ ಒಂಬತ್ತು, ಮಂಗಳವಾರ ನಾಲ್ಕೂವರೆ, ಬುಧವಾರ ಒಂದೂವರೆ, ಗುರುವಾರ ಮೂರು, ಶುಕ್ರವಾರ ಹನ್ನೆರಡು, ಶನಿವಾರ ಹತ್ತೂವರೆ.

ಇದು ದಾಳಿಯೇ ಎಂದು ತೀರ್ಮಾನಿಸಿದೆ. ಸಿಕ್ಕಿಬೀಳಬಾರದೆಂದು ದಿನವೂ ಹೊತ್ತು ಬದಲಿಸುವ ಪಕ್ಕಾ ಕಳ್ಳ. ಇಷ್ಟು ತಲೆ ನಮ್ಮ ಕ್ಯಾಂಪಸ್ಸಿನಲ್ಲಿ ಇರುವುದು ಒಬ್ಬರಿಗೇ, ಕಂಪ್ಯೂಟರ್ ಸೈನ್ಸಿನ ಪ್ರೊಫೆಸರಿಗೆ. ಹೋದ ವರ್ಷ ಒಂದು ಮೀಟಿಂಗಿನಲ್ಲಿ ಅವರು ನಮ್ಮ ನೆಟ್‌ವರ್ಕ್ ತುಂಬಾ ವೀಕು ಎಂದಿದ್ದರು. ಅದನ್ನು ನಾನು ಮರೆತಿರಲಿಲ್ಲ.

ಅವರ ರೂಮಿಗೆ ಹೋಗಿ ಕಾಫಿ ಕುಡಿಯುವ ನೆಪದಲ್ಲಿ ವಿಚಾರಣೆ ಶುರು ಮಾಡಿದೆ. ಮಂಗಳವಾರ ನಾಲ್ಕೂವರೆಗೆ ಎಲ್ಲಿದ್ದಿರಿ ಎಂದು ಕೇಳಿದೆ. ಇಲ್ಲೇ ಇದ್ದೆ, ನನ್ನ ಫಾರಂ ಹಾಕುತ್ತಿದ್ದೆ ಎಂದರು. ಗುರುವಾರ ಮೂರಕ್ಕೆ? ಹೆಂಡತಿಯ ಪಿಎಚ್‌ಡಿ ಫಾರಂ ಹಾಕುತ್ತಿದ್ದರಂತೆ. ಎರಡೂ ಸಲ ಪೋರ್ಟಲ್ ಬಿದ್ದದ್ದು ಅದೇ ಹೊತ್ತಿಗೆ. ಇಷ್ಟು ಸುಲಭವಾಗಿ ತಪ್ಪೊಪ್ಪಿಕೊಂಡ ಕಳ್ಳನನ್ನು ನಾನು ನೋಡಿರಲಿಲ್ಲ. ರಿಜಿಸ್ಟ್ರಾರಿಗೆ ಕೊಡಲು ವರದಿಯನ್ನೂ ಟೈಪ್ ಮಾಡಲು ಕೂತೆ.

ಆಗ ಅಕ್ಕ ನನ್ನ ರೂಮು ಒರೆಸಲು ಬಂದರು. ಬೋರ್ಡಿನ ಮುಂದೆ ಮಾಪ್ ಹಿಡಿದು ನಿಂತು ಇದನ್ನು ಅಳಿಸಲೇ ಎಂದು ಕೇಳಿದರು. ಬೇಡ, ಅದು ಕಳ್ಳ ಬರುವ ಹೊತ್ತು ಎಂದೆ. ಅಕ್ಕ ಸೋಮವಾರದಿಂದ ಶನಿವಾರದವರೆಗೆ ನಿಧಾನವಾಗಿ ಓದಿದರು.

“ಕಳ್ಳಂದಲ್ರಿ ಸರ ಇದು. ರಾಹುಂದು. ರಾಹುಕಾಲ ಮುಗಿಯೋ ಹೊತ್ತು ಬರದೀರಿ ನೀವು.”

ರಾಹುಕಾಲ ಎಂಬುದಿದೆ ಎಂದು ನನಗೂ ಗೊತ್ತಿತ್ತು. ಅದಕ್ಕೊಂದು ಟೈಮ್‌ಟೇಬಲ್ ಇದೆ ಎಂಬುದು ನನ್ನ ಹೆಂಡತಿಯ ಇಲಾಖೆಗೆ ಸೇರಿದ ವಿಷಯ. ಮನೆಗೆ ಫೋನ್ ಮಾಡಿ ಒಂದೊಂದೇ ದಿನ ಓದಿಸಿದೆ. ಆರಕ್ಕೆ ಆರೂ ಸರಿಯಿತ್ತು. ಫೋನಿಟ್ಟ ಮೇಲೂ ಅಕ್ಕ ಅಲ್ಲೇ ನಿಂತು ನನ್ನ ಗೋಡೆಯ ಮೇಲಿನ ಆರು ಸ್ಕ್ರೀನುಗಳನ್ನು ಮರುಕದಿಂದ ನೋಡುತ್ತಿದ್ದರು.

“ಇಷ್ಟೆಲ್ಲ ಟಿವಿ ಹಾಕ್ಯಾರ. ಒಂದು ಕ್ಯಾಲೆಂಡರ್ ಕೊಡಬಾರದೇನ್ರಿ ನಿಮಗ?”

೪. ರಾಹು ಯಾರು?

ಆದರೂ ನನಗೆ ಸಮಾಧಾನವಾಗಲಿಲ್ಲ. ಇಪ್ಪತ್ತು ವರ್ಷದ ಹುಡುಗರು ಯಾವಾಗಿನಿಂದ ರಾಹುಕಾಲ ನೋಡಲು ಕಲಿತರು? ಮತ್ತೆ ಪ್ರೊಫೆಸರ ಬಳಿ ಹೋಗಿ, ನೀವೂ ನಂಬುತ್ತೀರಾ ಸಾರ್ ಎಂದು ಕೇಳಿದೆ.

“ನಂಬಿಕೆ ಅಲ್ಲ ಕಣ್ರೀ, ಡೇಟಾ” ಎಂದರು ಅವರು. “ಹೋದ ವರ್ಷ ಶುಕ್ರವಾರ ರಾಹುಕಾಲದಲ್ಲಿ ಹಾಕಿದ ಫಾರಂ ಒಂದೂ ಉಳೀಲಿಲ್ಲ. ಮುಂಚೆ ಹಾಕಿದ್ದು ಇತ್ತು, ಆಮೇಲೆ ಹಾಕಿದ್ದೂ ಇತ್ತು. ನಡುವೆ ಹಾಕಿದ್ದು ಮಾತ್ರ ಮಾಯ. ಇನ್ನೇನು ಪ್ರೂಫ್ ಬೇಕು?”

ಆ ವಿಷಯ ಇಡೀ ಕ್ಯಾಂಪಸ್ಸಿಗೆ ಗೊತ್ತಂತೆ. ಹುಡುಗರ ತಾಯಂದಿರಿಗೆ ಗೊತ್ತಾಗಿ, ಅವರು ದಿನವೂ ಫೋನ್ ಮಾಡಿ ಎಚ್ಚರಿಸುತ್ತಾರಂತೆ.

ಈ ಮಾಯದ ಹಿಂದೆ ಯಾರಿದ್ದಾರೆಂದು ಹೋದ ವರ್ಷದ ದಾಖಲೆ ತೆಗೆದೆ. ಶುಕ್ರವಾರ, ಹತ್ತೂವರೆಯಿಂದ ಹನ್ನೆರಡು. ಸರ್ವರ್ ರಿಪೇರಿ. ಮಾಡಿದವನ ಹೆಸರು ನನ್ನದೇ. ಆ ಹೊತ್ತಿನಲ್ಲಿ ಟ್ರಾಫಿಕ್ ಬಹಳ ಕಡಿಮೆ ಇರುತ್ತದೆ, ಯಾರಿಗೂ ತೊಂದರೆಯಾಗುವುದಿಲ್ಲ ಎಂದು ನಾನೇ ಆರಿಸಿಕೊಂಡ ಹೊತ್ತು ಅದು. ಕೆಲವರು ಮೊದಲೇ ರಾಹುಕಾಲ ನೋಡುತ್ತಿದ್ದುದರಿಂದ ಟ್ರಾಫಿಕ್ ಕಡಿಮೆ ಇತ್ತು ಎಂಬುದು ನನಗೆ ತಿಳಿದಿರಲಿಲ್ಲ. ರಿಪೇರಿ ಮುಗಿಸಿ, ಹತ್ತೂವರೆಗೆ ತೆಗೆದಿಟ್ಟಿದ್ದ ಹಳೆಯ ಪ್ರತಿಯನ್ನು ವಾಪಸ್ ಹಾಕಿದಾಗ, ನಡುವೆ ಬಂದಿದ್ದ ಫಾರಂಗಳೆಲ್ಲ ಅಳಿಸಿಹೋಗಿವೆ. ‘ತಾಂತ್ರಿಕ ಕಾರಣ’ ಎಂದು ಒಂದು ಸಾಲು ಮೇಲ್ ಹಾಕಿ ನಾನು ಮರೆತೂಬಿಟ್ಟಿದ್ದೆ.

ಎಲ್ಲರ ಮೇಲೂ ಅನುಮಾನಪಟ್ಟವನು ಒಬ್ಬನನ್ನು ಬಿಟ್ಟಿದ್ದೆ. ನಿಜಕ್ಕೂ ನಾಚಿಕೆಯಾಯಿತು. ಇದು ಹೊರಬಿದ್ದರೆ ರಿಜಿಸ್ಟ್ರಾರ್ ಮೂರನೇ ಸಲ ಪೋರ್ಟಲ್ ಬೀಳುವವರೆಗೂ ಕಾಯುವುದಿಲ್ಲ ಎಂದೂ ಅನ್ನಿಸಿತು. ಪ್ರೊಫೆಸರ ಮೇಲಿನ ವರದಿಯನ್ನು ಅಳಿಸಿದೆ, ಹೋದ ವರ್ಷದ ಫೈಲನ್ನು ಮುಚ್ಚಿದೆ.

ಅಂದು ಊಟಕ್ಕೆ ಹೋದಾಗ ಪ್ರೊಫೆಸರು ರಾಹು ಎಷ್ಟು ಕ್ರೂರಿ ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು. ನಾನು ಎದುರಿಗೇ ಕೂತು ಎರಡನೇ ಸಲ ಸಾರು ಹಾಕಿಸಿಕೊಂಡೆ.

೫. ಹನ್ನೆರಡು ಸಾಲು

ಕೊನೆಯ ಶುಕ್ರವಾರ ಹತ್ತಿರ ಬಂತು. ಅರ್ಧ ಕ್ಯಾಂಪಸ್ಸು ಯಾವಾಗಲೂ ಕೊನೆಯ ದಿನಕ್ಕೇ ಕಾಯುತ್ತದೆ. ಅವರೆಲ್ಲ ಶುಕ್ರವಾರ ಹನ್ನೆರಡು ಹೊಡೆಯುತ್ತಲೇ ಒಟ್ಟಿಗೆ ಮೈಮೇಲೆ ಬೀಳುವವರಿದ್ದರು. ಬಿದ್ದರೆ ಪೋರ್ಟಲ್ಲೂ ಉಳಿಯುವುದಿಲ್ಲ, ನಾನೂ ಉಳಿಯುವುದಿಲ್ಲ.

ಬೇರೆ ಬೇರೆ ಹೊತ್ತಿಗೆ ಹಾಕಿ ಎಂದು ಎಲ್ಲರಿಗೂ ಮೇಲ್ ಕಳಿಸಿದೆ. ನನ್ನ ಮೇಲ್ ಯಾರು ಯಾರು ತೆರೆದರೆಂದು ನನಗೆ ಕಾಣುತ್ತದೆ. ಮೂವರು ತೆರೆದಿದ್ದರು. ಅವರಲ್ಲಿ ಒಬ್ಬ ನಾನು.

ನನ್ನ ಮಾತು ಕೇಳದವರು ರಾಹುವಿನ ಮಾತು ಕೇಳುತ್ತಾರೆಂದರೆ ರಾಹುವನ್ನೇ ಕೆಲಸಕ್ಕೆ ಹಚ್ಚಬೇಕು. ಗೇಟಣ್ಣನ ಬಳಿ ಹೋದೆ. ಶುಕ್ರವಾರ ಹನ್ನೆರಡರ ನಂತರ ಯಾವ ರಾಶಿಯವರು ಎಷ್ಟು ಹೊತ್ತಿಗೆ ಫಾರಂ ಹಾಕಿದರೆ ಒಳ್ಳೆಯದು ಎಂದು ಗುಡಿಯ ಬೋರ್ಡಿನ ಮೇಲೆ ಬರೆಯಬೇಕು ಎಂದು ಕೇಳಿಕೊಂಡೆ. ಗೇಟಣ್ಣ ಕೆನ್ನೆ ಬಡಿದುಕೊಂಡರು. ತಮಗೆ ಜ್ಯೋತಿಷ್ಯ ಬಾರದು, ಮುನೇಶ್ವರನ ಮುಂದೆ ಸುಳ್ಳು ಬರೆಯಲಾಗದು ಎಂದರು. ಸುಳ್ಳಲ್ಲ ಅಣ್ಣ, ನೂಕುನುಗ್ಗಲಿಲ್ಲದ ಹೊತ್ತು ಒಳ್ಳೆಯ ಹೊತ್ತೇ ತಾನೆ ಎಂದೆ. ನನ್ನ ಕೆಲಸ ಇದರ ಮೇಲೇ ನಿಂತಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಗುಡಿಯ ಕಡೆ ತಿರುಗಿ ಕೈ ಮುಗಿದರು.

“ಅಂಗಾದ್ರೆ ಪರ್ಸಾದದ್ ಸಾಲಿದ್ದಂಗೆ. ಅದ್ಕೇನ್ ದೋಸ ಇಲ್ಲ. ಬರೀತೀನಿ, ಮರದ್ ಕೆಳ್ಗಿನ್ ವೈಫೈ ಮಾತ್ರ ಕೀಳ್ಬಾರ್ದು.”

ಕೀಳುವುದಿಲ್ಲ ಎಂದು ಮಾತು ಕೊಟ್ಟೆ. ಮೇಷಕ್ಕೆ ಹನ್ನೆರಡು, ವೃಷಭಕ್ಕೆ ಹನ್ನೆರಡು ಇಪ್ಪತ್ತೈದು, ಹೀಗೆ ರಾಶಿಗೆ ಇಪ್ಪತ್ತೈದು ನಿಮಿಷ. ಕೊನೆಗೆ ಮೀನಕ್ಕೆ ನಾಲ್ಕು ಮೂವತ್ತೈದು. ಸೀಮೆಸುಣ್ಣದಲ್ಲಿ ದುಂಡಗೆ ಬರೆದ ಮೇಲೆ ಗೇಟಣ್ಣ, ರಾಶಿ ಗೊತ್ತಿಲ್ಲದವರು ಏನು ಮಾಡಬೇಕು ಎಂದು ಕೇಳಿದರು. ಅಂಥವರು ಎಷ್ಟಿರುತ್ತಾರೆ ಎಂದುಕೊಂಡು ಅವರನ್ನೂ ಮೀನದ ಜೊತೆ ಸೇರಿಸಿಬಿಡಿ ಎಂದೆ. ಮುಂದೆ ನನ್ನ ಕುತ್ತಿಗೆಗೆ ಬಂದದ್ದು ಆ ಒಂದು ಮಾತೇ.

ಯಾರೋ ಬೋರ್ಡಿನ ಫೋಟೋ ತೆಗೆದರು. ನಾನು ನನ್ನ ರೂಮಿಗೆ ವಾಪಸ್ಸು ಬರುವಷ್ಟರಲ್ಲಿ ಅದು ಕ್ಯಾಂಪಸ್ಸೆಲ್ಲ ಸುತ್ತಿ, ಹೆಬ್ಬಗೋಡಿಗೆ ಹೋಗಿ, ಹೆಂಡತಿಯ ಕಡೆಯಿಂದ ನನಗೇ ಬಂದಿತ್ತು. ಕೆಳಗೆ ಅವಳು ಬರೆದಿದ್ದಳು: ‘ನಿಮ್ಮದು ಮೀನ. ಸ್ವಂತ ಬುದ್ಧಿ ಉಪಯೋಗಿಸಬೇಡಿ.’

೬. ಮೀನ

ನಾನು ಸ್ವಂತ ಬುದ್ಧಿ ಉಪಯೋಗಿಸಿದೆ. ಶುಕ್ರವಾರ ಹನ್ನೊಂದು ಗಂಟೆಗೆ, ರಾಹುಕಾಲದ ನಡುಮಧ್ಯದಲ್ಲಿ, ನನ್ನ ನವೀಕರಣದ ಅರ್ಜಿ ಹಾಕಿದೆ. ಇಡೀ ನೆಟ್‌ವರ್ಕ್ ಖಾಲಿ ಬಿದ್ದಿತ್ತು. ಅರ್ಜಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು.

ಹತ್ತು ನಿಮಿಷಕ್ಕೆ ರಿಜಿಸ್ಟ್ರಾರ್ ಫೋನ್ ಮಾಡಿದರು.

“ಏನ್ರೀ ನೀವು, ಹನ್ನೊಂದು ಗಂಟೆಗೆ ಹಾಕಿದೀರಲ್ಲ. ನಾನೇನು ಇದನ್ನೆಲ್ಲ ನಂಬೋನಲ್ಲ. ಆದ್ರೆ ಹೋದ ವರ್ಷ ಈ ಟೈಮಲ್ಲಿ ಹಾಕಿದ ಫಾರಂ ಎಲ್ಲ ಏನಾಯ್ತು? ನಾಳೆ ನಿಮ್ಮದೂ ಮಾಯ ಆದ್ರೆ ನನ್ನ ತಲೆಗೆ ಬರುತ್ತೆ. ವಾಪಸ್ ಕಳಿಸಿದೀನಿ. ನಿಮ್ಮ ರಾಶಿ ಟೈಮಿಗೆ ಹಾಕಿ.”

ಸಾರ್, ಹೋದ ವರ್ಷದ್ದು ರಾಹು ಮಾಡಿದ್ದಲ್ಲ ಎಂದು ನಾಲಿಗೆ ತುದಿಗೆ ಬಂತು. ಹಾಗಾದರೆ ಯಾರು ಮಾಡಿದ್ದು ಎಂದು ಅವರು ಕೇಳುತ್ತಾರೆ. ಆಯ್ತು ಸಾರ್ ಎಂದು ಫೋನಿಟ್ಟೆ. ಹುಡುಗರಿಗೆ ಆರರವರೆಗೆ ಅವಕಾಶವಿತ್ತು. ಸಿಬ್ಬಂದಿಯ ನವೀಕರಣ ಮಾತ್ರ ಐದಕ್ಕೆ ಸರಿಯಾಗಿ ಮುಚ್ಚುತ್ತಿತ್ತು. ನನಗೆ ಉಳಿದದ್ದು ನಾನೇ ಬರೆಸಿದ ಇಪ್ಪತ್ತೈದು ನಿಮಿಷ.

ಹನ್ನೆರಡಕ್ಕೆ ಮೇಷ ಬಂತು. ಗೆರೆ ಒಂದು ಸಣ್ಣ ದಿಬ್ಬದಷ್ಟು ಎದ್ದು ಮಲಗಿತು. ವೃಷಭ, ಮಿಥುನ, ಕರ್ಕಾಟಕ, ಎಲ್ಲವೂ ಹಾಗೇ. ಹದಿನೈದು ವರ್ಷದಲ್ಲಿ ಇಷ್ಟು ಶಿಸ್ತಿನ ಟ್ರಾಫಿಕ್ಕನ್ನು ನಾನು ನೋಡಿರಲಿಲ್ಲ. ಕುಂಭ ಮುಗಿಯುವ ಹೊತ್ತಿಗೆ ಹೆಮ್ಮೆಯಿಂದ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ.

ನಾಲ್ಕು ಮೂವತ್ತೈದಕ್ಕೆ ಮೀನ ಬಂತು. ಅದರ ಜೊತೆಗೆ ರಾಶಿ ಗೊತ್ತಿಲ್ಲದವರು ಬಂದರು. ಈಶಾನ್ಯದ ಹುಡುಗರು, ಆಫ್ರಿಕಾದಿಂದ ಓದಲು ಬಂದವರು, ಅಮ್ಮನನ್ನು ಕೇಳಲು ಸೋಮಾರಿತನವಾದವರು, ಕೇಳಿದರೂ ಅಮ್ಮನಿಗೇ ನೆನಪಿಲ್ಲದವರು. ಇಷ್ಟು ಜನ ರಾಶಿಯಿಲ್ಲದೆ ಬದುಕುತ್ತಿದ್ದಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಗೆರೆ ಗೋಡೆಯ ಹಾಗೆ ಎದ್ದಿತು. ಆರೂ ಸ್ಕ್ರೀನು ಕೆಂಪಾದವು. ನನ್ನ ಅರ್ಜಿ ಮಾತ್ರ ಸುತ್ತುತ್ತಿತ್ತು, ಸುತ್ತುತ್ತಲೇ ಇತ್ತು. ನಾಲ್ಕು ನಲವತ್ತೆರಡಾಯಿತು. ಇನ್ನೆರಡು ನಿಮಿಷಕ್ಕೆ ಪೋರ್ಟಲ್ ಮೂರನೇ ಸಲ ಬೀಳುವುದು ಖಾತ್ರಿಯಾಗಿತ್ತು.

ಗೇಟಣ್ಣನಿಗೆ ಫೋನ್ ಮಾಡಿ ಗುಡಿಯ ಮೈಕ್ ಇದೆಯಾ ಎಂದು ಕೇಳಿದೆ. ಇದೆ ಎಂದರು. ಹೇಗಾದರೂ ಮಾಡಿ ಎಲ್ಲರನ್ನೂ ಹತ್ತು ನಿಮಿಷ ನಿಲ್ಲಿಸಿ, ನಾನು ಮುಳುಗುತ್ತಿದ್ದೇನೆ ಎಂದೆ. ಅವರು ಏಕೆಂದು ಕೇಳಲಿಲ್ಲ.

ಮುನೇಶ್ವರನ ಮೈಕು ಕೊನೆಯ ಹಾಸ್ಟೆಲ್ಲಿನವರೆಗೂ ಕೇಳುತ್ತದೆ.

“ಮೀನ ರಾಸಿಯೋರು, ರಾಸಿ ಗೊತ್ತಿಲ್ದೋರು, ಎಲ್ಲ ಅತ್ತು ನಿಮ್ಸ ತಡ್ಕಳಿ. ಸ್ವಾಮಿಗೆ ಮಂಗ್ಳಾರ್ತಿ ಆಗ್ತಾ ಐತೆ. ಈಗ ಯಾರೂ ಒತ್ಬೇಡಿ.”

ಕೋಟಿ ಬೆಲೆಯ ಯಂತ್ರ ತಂದಿದ್ದರೂ ಹಾಗಾಗುತ್ತಿರಲಿಲ್ಲ. ಗೆರೆ ದೊಪ್ಪನೆ ನೆಲಕ್ಕೆ ಬಿತ್ತು. ಸ್ಕ್ರೀನುಗಳು ಒಂದೊಂದಾಗಿ ಹಸಿರಾದವು. ನನ್ನ ಅರ್ಜಿಯನ್ನು ಮತ್ತೊಮ್ಮೆ ಒತ್ತಿದೆ, ಹೋಯಿತು. ನಾಲ್ಕು ಐವತ್ತೊಂದಕ್ಕೆ ರಿಜಿಸ್ಟ್ರಾರ್ ಒಪ್ಪಿಗೆ ಬಂತು. ತಲೆಯನ್ನು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಗುಡಿಯ ಗಂಟೆ ಮೊಳಗಿತು. ಈಗ ಹೆಣ್ಣುಮಕ್ಕಳು ಹಾಕಲಿ, ಆಮೇಲೆ ಗಂಡು ಹುಡುಗರು, ಯಾರೂ ನೂಕಾಡಬೇಡಿ ಎಂದು ಮೈಕಿನಲ್ಲಿ ಕೇಳಿಸಿತು. ಆರು ಗಂಟೆಯೊಳಗೆ ಎಲ್ಲರ ಫಾರಂ ಒಳಗೆ ಬಂದಿತ್ತು, ಪೋರ್ಟಲ್ ಬೀಳಲಿಲ್ಲ. ರಿಜಿಸ್ಟ್ರಾರ್ ಫೋನ್ ಮಾಡಿ, ಇವತ್ತು ಯಾವ ಸಾಫ್ಟ್‌ವೇರ್ ಹಾಕಿದ್ದಿರಿ ಎಂದು ಕೇಳಿದರು. ಲೋಕಲ್ಲು ಸಾರ್ ಎಂದೆ.

ಮನೆಗೆ ಹೊರಡುವ ಮೊದಲು, ಹುಟ್ಟುಗುಣ ಬಿಡದೆ, ಆ ಹತ್ತು ನಿಮಿಷದ ದಾಖಲೆ ತೆಗೆದು ನೋಡಿದೆ. ಇಡೀ ಕ್ಯಾಂಪಸ್ಸು ಕೈಕಟ್ಟಿ ನಿಂತಿದ್ದಾಗ ಒಳಗೆ ಬಂದ ಫಾರಂ ಎರಡೇ. ಒಂದು ನನ್ನದು. ಇನ್ನೊಂದು ಹೊಂಗೆ ಮರದ ಕೆಳಗಿನ ವೈಫೈಯಿಂದ ಬಂದಿತ್ತು, ಬಿಕಾಂ ವಿದ್ಯಾರ್ಥಿನಿಯದು. ತಂದೆಯ ಉದ್ಯೋಗ: ಸೆಕ್ಯುರಿಟಿ.

ಗೇಟಿನಲ್ಲಿ ಬೈಕ್ ನಿಲ್ಲಿಸಿದೆ. ಏನಣ್ಣ, ಊರಿಗೆಲ್ಲ ಮಂಗಳಾರತಿ ಅಂತ ಹೇಳಿ ಮಗಳ ಫಾರಂ ಕಳಿಸಿಬಿಟ್ಟಿರಲ್ಲ ಎಂದು ಕೇಳಿದೆ. ಗೇಟಣ್ಣ ಟವೆಲ್ ತೆಗೆದು ಮಡಚಿದರು, ಟೋಪಿ ಹಾಕಿಕೊಂಡರು, ನನಗೊಂದು ಸಲ್ಯೂಟ್ ಹೊಡೆದು ಗೇಟು ತೆಗೆದರು.

“ನಿಮ್ದೂ ಓಯ್ತಲ್ಲ ಸಾರ್. ಇಬ್ರೂ ಸುಮ್ಕಿರಾನ.”